ಹಾರಕ್ಕೊಂದು ಪ್ಲಾಸ್ಟಿಕ್ ಗೋರಿ

ಮದುವೆ ಹಾರ ಈಗ ಬಾಡುವಂತಿಲ್ಲ. ಛತ್ರದ ಮೆಟ್ಟಿಲು ಇಳಿಯುವ ಮೊದಲೇ ಕೇಳುತ್ತಾರೆ, "ರೆಸಿನ್‌ಗೆ ಕೊಟ್ರಾ?" ಊಟ ಆಯ್ತಾ ಎನ್ನುವುದು ಆಮೇಲೆ.

ಹಾಸನಾಂಬೆಯ ಬಾಗಿಲು ತೆಗೆದಾಗ ಹಿಂದಿನ ವರ್ಷದ ಹೂ ಬಾಡದೆ ಇರುತ್ತದೆಂದು ನಂಬುವ ಊರು ನಮ್ಮದು. ಆ ನಂಬಿಕೆಯಿಂದಲೇ ಗಂಟೆಗಟ್ಟಲೆ ಕ್ಯೂ ನಿಲ್ಲುತ್ತೇವೆ. ಸ್ವಂತ ಮದುವೆಯ ಹೂವಿಗೆ ಮಾತ್ರ ಎಪಾಕ್ಸಿ ರೆಸಿನ್ನೇ ಬೇಕು.

ಮಾಡುವ ಕ್ರಮ ಕೇಳಿ. ಎಸಳುಗಳನ್ನು ಸಿಲಿಕಾ ಜೆಲ್‌ನಲ್ಲಿ ಹೂತು ಒಣಗಿಸಬೇಕು. ಬಾಡಬಾರದು ಅಂತ ಮೊದಲು ಬಾಡಿಸುವುದು! ತೇವ ಉಳಿದರೆ ಒಳಗೇ ಕಂದುತ್ತದೆ. ಆಮೇಲೆ ಮನೆಯಲ್ಲೇ ಅಚ್ಚು. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಟ್ಯೂಬಿಗೆ ಅಡುಗೆಮನೆಯ ಕಾರ್ನ್‌ಫ್ಲೋರ್ ಕಲಸಿದರೆ ವಿನೆಗರ್ ನಾತದ ಹಿಟ್ಟು ರೆಡಿ. ಅದೂ ಬೇಡವೆಂದರೆ ಓಎಚ್‌ಪಿ ಶೀಟು, ಸೆಲೋ ಟೇಪು. ರೆಸಿನ್, ಹಾರ್ಡನರ್ ಎರಡನ್ನೂ ತೂಗಿ ಬೆರೆಸಬೇಕು. ಕಣ್ಣಂದಾಜಿನಲ್ಲಿ ಸುರಿದರೆ ವಾರ ಕಳೆದರೂ ಅಂಟಂಟು. ಒಂದೇ ಸಲ ದಪ್ಪಗೆ ಸುರಿದರೆ ಕಾದು ಹೊಗೆಯೆದ್ದು ಬಿರುಕು ಬಿಡುತ್ತದೆ. ಅರಕಲಗೂಡಿನ ಆಷಾಢದ ಥಂಡಿಯಲ್ಲಿ ಮೇಲೆ ಮಂಕು ಪೊರೆ ಕಟ್ಟುತ್ತದೆ. ಅದಕ್ಕೆ "ಫ್ರಾಸ್ಟೆಡ್ ಫಿನಿಶ್" ಎಂದು ಇನ್ನೂರು ರೂಪಾಯಿ ಜಾಸ್ತಿ.

ಕೈಗವಸು ಹಾಕಿ, ಕಿಟಕಿ ತೆಗೆದಿಡಿ ಎಂದು ಡಬ್ಬಿ ಬಾಯಿ ಬಡಿದುಕೊಳ್ಳುತ್ತದೆ. ಹಾರ್ಡನರ್ ಒಮ್ಮೆ ಮೈಗೆ ಅಲರ್ಜಿ ಹಿಡಿಸಿತೆಂದರೆ ಜನ್ಮಕ್ಕಂಟಿದ ಹಾಗೆ. ರೆಸಿನ್ ಹೊಯ್ಯುವವರು ಬರಿಗೈಯಲ್ಲಿ, ಮಗು ಮಲಗಿದ ಕೋಣೆಯಲ್ಲೇ ಕಲಸುತ್ತಾರೆ. ಆ ಮಗುವಿಗೆ ತರಕಾರಿ ಮಾತ್ರ ಸಾವಯವದ್ದೇ ಆಗಬೇಕು.

ಇಷ್ಟಾದ ಮೇಲೆ ಚೀಟಿ: "ನೈಸರ್ಗಿಕ, ಪರಿಸರಸ್ನೇಹಿ." ಒಳಗಿನ ಎಸಳು ನೈಸರ್ಗಿಕ, ಒಪ್ಪಿದೆ. ಸುತ್ತ ಇರುವುದು ಪೆಟ್ರೋಲಿಯಂನ ಕೂಸು. ಗಟ್ಟಿಯಾದ ಮೇಲೆ ಕರಗಿಸಲೂ ಆಗದ ಪ್ಲಾಸ್ಟಿಕ್ಕು. 2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಲೋಟ, ತಟ್ಟೆ ನಿಷೇಧಿಸಿತು. ಅದಕ್ಕೇ ಛತ್ರದಲ್ಲಿ ಪೇಪರ್ ಲೋಟ ಕೊಟ್ಟು ಬೀಗುತ್ತಾರೆ. ಅದೇ ಮದುವೆಯ ಹಾರಕ್ಕೆ ಕೆಜಿಗಟ್ಟಲೆ ಪ್ಲಾಸ್ಟಿಕ್ ಸುರಿಯುತ್ತಾರೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತಿದ್ದ ಕಾಲ ಹೋಯಿತು.

ಹೊಳೆನರಸೀಪುರದಲ್ಲಿ ಬಾಡಿದ ಹಾರವನ್ನು ಹೇಮಾವತಿಗೆ ಬಿಟ್ಟರೆ ಹೊಳೆ ಕೆಡುತ್ತದೆ ಎಂದು ಬೈಯುತ್ತಿದ್ದರು. ಈಗ ಹಾರ ಷೋಕೇಸಿಗೆ. ಉಳಿದ ಹಾರ್ಡನರ್ ಸಿಂಕಿಗೆ. ಸಿಂಕಿನ ನೀರು ಎಲ್ಲಿಗೆ ಎಂದು ಕೇಳುವವರು ಇಲ್ಲ.

ಇನ್ನು ಕಲೆಯ ಮಾತು. ಬೇಲೂರಿನಲ್ಲಿ ಬಳಪದ ಕಲ್ಲು ಕೆತ್ತಿದ ದಾಸೋಜ, ಚಾವಣರು ತಮ್ಮ ಹೆಸರನ್ನೂ ಕೊರೆದು ಹೋದರು. ಕೊರೆಯುವ ಹಕ್ಕಿತ್ತು. 2023ರಲ್ಲಿ ಬೇಲೂರಿನ ಆ ದೇವಸ್ಥಾನ ಯುನೆಸ್ಕೊ ಪಟ್ಟಿಗೆ ಸೇರಿದಾಗ ಜಿಲ್ಲೆಗೆ ಜಿಲ್ಲೆಯೇ ಸ್ಟೇಟಸ್ ಹಾಕಿತು. ಈಗ ಅದೇ ಜಿಲ್ಲೆಯಲ್ಲಿ ಅಂಗಡಿಯಿಂದ ತಂದ ಶಿಲಾಬಾಲಿಕೆಯ ಮೇಲೆ ಸಿಲಿಕೋನ್ ಮೆತ್ತಿ, ಅಚ್ಚು ತೆಗೆದು, ರೆಸಿನ್ ಹೊಯ್ದು, ಅಡಿಯಲ್ಲಿ ತಮ್ಮ ಇನ್‌ಸ್ಟಾಗ್ರಾಂ ಹೆಸರು ಅಂಟಿಸುತ್ತಾರೆ. ಹ್ಯಾಂಡ್‌ಮೇಡ್ ಅಂತೆ. ಯಾರ ಹ್ಯಾಂಡು?

ಹಾರಕ್ಕೇ ನಿಂತಿದ್ದರೂ ಸಹಿಸಬಹುದಿತ್ತು. ಹೊಕ್ಕುಳಬಳ್ಳಿಗೆ ಪೆಂಡೆಂಟು. ಮಗುವಿನ ಮೊದಲ ಕೂದಲಿಗೆ ಕೀಚೈನು. ಎದೆಹಾಲಿಗೆ ಉಂಗುರ. ಚನ್ನರಾಯಪಟ್ಟಣ ತಾಲ್ಲೂಕಿನ ಬೆಟ್ಟದ ಮೇಲೆ ಬಟ್ಟೆಯನ್ನೂ ಬಿಟ್ಟು ಸಾವಿರ ವರ್ಷದಿಂದ ಒಬ್ಬ ನಿಂತಿದ್ದಾನೆ. ಅವನಿಗೆ ಕೈಮುಗಿದು ಬಂದವರಿಗೆ ಒಂದು ಕೂದಲೆಳೆಯನ್ನೂ ಬಿಡಲಾಗುತ್ತಿಲ್ಲ.

ಬಿಸಿಲು ಬಿದ್ದರೆ ಈ ಗಾಜಿನಂಥ ನೆನಪು ಹಳದಿಯಾಗುತ್ತದೆ. ಯುವಿ ನಿರೋಧಕ ಬೆರೆಸಿದರೆ ತಡವಾಗಿ ಹಳದಿಯಾಗುತ್ತದೆ, ಅಷ್ಟೆ. ಆಗ ಮೊದಲು ಅಟ್ಟಕ್ಕೆ, ಆಮೇಲೆ ಕಸದ ಗಾಡಿಗೆ. ಗಾಡಿಯವನು ಕೇಳುತ್ತಾನೆ, ಹಸಿ ಕಸವೋ ಒಣ ಕಸವೋ? ಒಳಗೆ ಹೂವು, ಹೊರಗೆ ಪ್ಲಾಸ್ಟಿಕ್ಕು. ಉತ್ತರ ರೆಡಿ ಇಟ್ಟುಕೊಳ್ಳಿ, ಅವನಿಗೆ ಹತ್ತು ಬೀದಿ ಬಾಕಿ ಇರುತ್ತದೆ.