ಸೇವ್ ಆಗದ ಘಾಟಿ

ಚಾರ್ಮಾಡಿ ಘಾಟಿ ಈ ಸಲ ಮಳೆಗಾಲಕ್ಕೂ ಕಾಯಲಿಲ್ಲ, ಬೇಸಿಗೆಯಲ್ಲೇ ಹೋಯಿತು. ಗಾಬರಿ ಬೇಡ. ಕೊಟ್ಟಿಗೆಹಾರದಿಂದ ಕೆಳಗಿಳಿಯುವ ರಾಷ್ಟ್ರೀಯ ಹೆದ್ದಾರಿ 73 ಇದ್ದಲ್ಲೇ ಇದೆ. ಹೋದದ್ದು ನಮ್ಮ ಮನೆ ಜಗಲಿಯಲ್ಲಿ ಅಕ್ಕನ ಮಗ ಐದು ತಿಂಗಳು ಕೂತು ಲ್ಯಾಪ್‌ಟಾಪಿನೊಳಗೆ ಕಟ್ಟಿದ್ದ ಘಾಟಿ. ಏಳನೇ ತಿರುವಿಗೆ ತಡೆಗೋಡೆ ಇಟ್ಟ, ಸೇವ್ ಒತ್ತಿದ, ಪರದೆ ಒಮ್ಮೆ ಬೆಳ್ಳಗಾಯಿತು. ಮತ್ತೆ ತೆರೆದರೆ ಗುಡ್ಡ ಇದೆ, ಮರ ಇದೆ, ರಸ್ತೆ ಇಲ್ಲ. ‘ಮಾವ, ಘಾಟಿ ಹೋಯ್ತು!’ ಎಂದು ಅವನು ಕೂಗಿದ್ದು ಕಣದಲ್ಲಿ ಕಾಫಿ ಹರವುತ್ತಿದ್ದವನ ಕಿವಿಗೂ ಬಿತ್ತು. ಅವನು ತಲೆ ಎತ್ತದೆಯೇ ಕೇಳಿದ: ‘ಬಸ್ಸನ್ನ ಯಾವ ಕಡೆ ತಿರುಗಿಸ್ತಾರಂತೆ?’

ನಮ್ಮ ಕಡೆ ಇಷ್ಟೇ ಪ್ರಶ್ನೆ. ಯಾಕೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಹೊರಗಿನವರಿಗೆ ಸ್ವಲ್ಪ ವಿವರಣೆ ಬೇಕಾದೀತು. ಮಲೆನಾಡಿನ ಹುಡುಗರಿಗೆ ಕ್ರಿಕೆಟ್ ಆಡಲು ಸಮನಾದ ಜಾಗವಿಲ್ಲ, ಹಾಗಾಗಿ ಬಸ್ಸಿನ ಹುಚ್ಚು. 2017ರಲ್ಲಿ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ಎಂಬ ಮೊಬೈಲ್ ಆಟ ಬಂದಮೇಲೆ ಆ ಹುಚ್ಚಿಗೆ ರೆಕ್ಕೆಯೂ ಬಂತು. ಜಾವಾ ದ್ವೀಪದ ರಸ್ತೆಯಲ್ಲಿ ಕರ್ನಾಟಕ ಸಾರಿಗೆಯ ಕೆಂಪು ಬಸ್ಸು ಓಡತೊಡಗಿತು. ಬಸ್ಸಿನ ಮೈಗೆ ಬಳಿಯುವ ಆ ಬಣ್ಣಕ್ಕೆ ಇವರು ಲಿವರಿ ಅನ್ನುತ್ತಾರೆ. ‘ಸಹಕಾರ ಸಾರಿಗೆ ಲಿವರಿ ಸರಿ ಇಲ್ಲ ಮಾವ’ ಎಂದು ಅಳಿಯ ಮೊದಲ ಸಲ ಹೇಳಿದಾಗ ನಾನು ಯಾರದೋ ಪಿತ್ತಜನಕಾಂಗದ ವಿಷಯ ಎಂದುಕೊಂಡು ಕೊಪ್ಪದ ಡಾಕ್ಟರ ಹೆಸರು ಹೇಳಿದ್ದೆ.

ಸಹಕಾರ ಸಾರಿಗೆ ಗೊತ್ತಲ್ಲ? ಶಂಕರ್ ಕಂಪನಿ ಬಾಗಿಲು ಹಾಕಿದಾಗ ಅದರ ನೌಕರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಸ್ಥೆ. ಸ್ಟಿಯರಿಂಗ್ ಹಿಡಿದವನೇ ಮಾಲೀಕ, ಟಿಕೆಟ್ ಹರಿದವನೇ ಮಾಲೀಕ. 2020ರಲ್ಲಿ ಅದೂ ನಿಂತಿತು. ಹುಡುಗರು ಅದನ್ನು ಬಿಡಲಿಲ್ಲ, ತಮ್ಮ ಆಟದಲ್ಲಿ ಇವತ್ತಿಗೂ ಓಡಿಸುತ್ತಿದ್ದಾರೆ. ನಷ್ಟವಿಲ್ಲ, ಡೀಸೆಲ್ ಸಾಲವಿಲ್ಲ. ಆದರೆ ಮಲೆನಾಡಿನ ಬಸ್ಸನ್ನು ಜಾವಾದಲ್ಲಿ ಎಷ್ಟು ದಿನ ಓಡಿಸುವುದು? ಮಲೆನಾಡಿನದೇ ರಸ್ತೆ ಬೇಕು ಅನ್ನಿಸಿತು. ಆಗ ಕೈಗೆ ಸಿಕ್ಕಿದ್ದು ಇನ್ನೊಂದು ಬಸ್ಸಿನಾಟ, ಕಂಪ್ಯೂಟರಿನದು. ಕಂಪನಿಯ ಹೆಸರು ಬೇಡ, ದೂರದ ದೇಶದ್ದು. ಅದರ ಜೊತೆಗೆ ಒಂದು ಎಡಿಟರ್ ಬರುತ್ತದೆ: ಗುಡ್ಡ ಎಬ್ಬಿಸಿ, ಹೊಳೆ ಹರಿಸಿ, ರಸ್ತೆ ಎಳೆಯಿರಿ, ನಿಮ್ಮೂರನ್ನು ನೀವೇ ಕಟ್ಟಿಕೊಳ್ಳಿ. ಜಾಹೀರಾತಿನಲ್ಲಿ ಹಾಗೆ ಬರೆದಿದೆ. ಕಟ್ಟಿದ ಊರು ಮರುದಿನವೂ ಇರುತ್ತದೆ ಎಂದು ಎಲ್ಲೂ ಬರೆದಿಲ್ಲ, ಅದು ನಿಜ.

ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ರಸ್ತೆ ಏರಿನಲ್ಲಿ ತಿರುಗಬೇಕು. ತಿರುವಿನ ಒಳಮಗ್ಗುಲು ತಗ್ಗು, ಹೊರಮಗ್ಗುಲು ಎತ್ತರ, ಘಾಟಿ ಅಂದರೆ ಅದೇ ತಾನೆ? ಈ ಎಡಿಟರಿಗೆ ಏರು ಗೊತ್ತು, ತಿರುವು ಗೊತ್ತು, ಎರಡೂ ಒಟ್ಟಿಗೆ ಬಂದರೆ ತಲೆ ತಿರುಗುತ್ತದೆ. ರಸ್ತೆಯ ಎರಡು ತುಂಡುಗಳ ನಡುವೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಬಸ್ಸಿನ ಮುಂದಿನ ಚಕ್ರ ಅದರಲ್ಲಿ ಇಳಿದರೆ ಇಡೀ ಬಸ್ಸು ಭೂಮಿಯ ತಳ ಒಡೆದು ಕೆಳಕ್ಕೆ ಬೀಳುತ್ತಲೇ ಇರುತ್ತದೆ, ಪ್ರಯಾಣಿಕರು ಮಾತ್ರ ಸೀಟು ಬಿಟ್ಟು ಏಳುವುದಿಲ್ಲ. ಅಣ್ಣಪ್ಪ ಸ್ವಾಮಿ ಗುಡಿಯ ಎದುರು ನಿಧಾನ ಮಾಡದ ಡ್ರೈವರ್ ಚಾರ್ಮಾಡಿಯಲ್ಲಿ ಇಲ್ಲ. ಅಳಿಯ ಗುಡಿಯನ್ನೂ ಭಕ್ತಿಯಿಂದಲೇ ಇಟ್ಟಿದ್ದ. ಮರುದಿನ ನೋಡಿದರೆ ಅದು ನೆಲ ಬಿಟ್ಟು ಆಳೆತ್ತರದಲ್ಲಿ ನಿಂತಿದೆ. ಕೆಳಗಿಳಿಸಿದ. ಗುಡಿ ಇಳಿಯಿತು, ಎದುರಿನ ಗುಡ್ಡ ಮೇಲೆ ಹೋಯಿತು. ನಮ್ಮಮ್ಮ ಕೈ ಮುಗಿದು, ‘ಎಂತಕ್ಕೆ ಮಾರಾಯ ದೇವರ ತಂಟೆ, ಮೊದಲು ಒಂದು ಕಾಯಿ ಒಡಿ’ ಅಂದರು.

ಕಾಯಿ ಒಡೆಯುವುದು ಕಡಿಮೆ ಖರ್ಚಿನ ಪರಿಹಾರ ಎಂದು ಆಮೇಲೆ ಗೊತ್ತಾಯಿತು. ಈ ಎಡಿಟರ್ ಬಳಸುವ ಹುಡುಗರ ನಡುವೆ ಒಂದು ದೊಡ್ಡ ಆಚಾರ ಸಂಹಿತೆಯೇ ಬೆಳೆದಿದೆ. ಫೈಲಿನ ಹೆಸರಿನಲ್ಲಿ ಜಾಗ ಬಿಡಬಾರದು. ಸೇವ್ ಎರಡು ಸಲ ಒತ್ತಬೇಕು, ನಡುವೆ ಹತ್ತು ಎಣಿಸಬೇಕು. ಅನ್‌ಡು ಮೂರಕ್ಕಿಂತ ಹೆಚ್ಚು ಸಲ ಒತ್ತಿದರೆ ಮರಗಳು ಮಾಯವಾಗುತ್ತವೆ. ರಸ್ತೆ ಎಳೆಯುವ ಮೊದಲು ಒಂದು ಬಸ್‌ಸ್ಟಾಪ್ ಇಟ್ಟು, ಅದನ್ನು ಅಳಿಸಿ, ಮತ್ತೆ ಶುರು ಮಾಡಬೇಕು. ಯಾಕೆ? ‘ಗೊತ್ತಿಲ್ಲ, ಬಾಳೆಹೊನ್ನೂರಿನವನಿಗೆ ಹಾಗೆ ಮಾಡಿದ್ರೆ ಆಗುತ್ತೆ.’ ಮಕ್ಕಳು ವಿಜ್ಞಾನ ಓದಲಿ ಎಂದು ಮನೆಯಲ್ಲಿ ಕಂಪ್ಯೂಟರ್ ತಂದಿಟ್ಟೆವು. ಅವರು ಅದರ ಮುಂದೆ ಮಡಿಯಲ್ಲಿ ಕೂತು ತಾಯಿತ ಕಟ್ಟುವುದನ್ನು ಕಲಿತರು.

ಇದಕ್ಕೆಲ್ಲ ಕಳಶವಿಟ್ಟಂತೆ ಆಟೋ ಸೇವ್. ನೀವು ಮರೆತರೂ ತಾನು ಮರೆಯುವುದಿಲ್ಲ ಎನ್ನುವ ಸೌಕರ್ಯ. ಐದೈದು ನಿಮಿಷಕ್ಕೆ ತಾನಾಗಿ ಉಳಿಸುತ್ತದೆ. ನಿಮ್ಮ ರಸ್ತೆ ಸರಿ ಇದ್ದಾಗ ಉಳಿಸಿತೋ ಇಲ್ಲವೋ ಹೇಳಲಾರೆ, ಕೆಟ್ಟ ಕ್ಷಣದಲ್ಲಿ ಮಾತ್ರ ತಪ್ಪದೆ ಉಳಿಸಿ, ಹಳೆಯ ಒಳ್ಳೆಯ ಪ್ರತಿಯ ಮೇಲೆ ಅದನ್ನೇ ಬರೆಯುತ್ತದೆ. ಏಳನೇ ತಿರುವು ಹೋದದ್ದು ಹೀಗೆ. ಹೂಮಳೆ ಬಂದ ಸಂಜೆ ಕರೆಂಟು ಹೋಗಿದ್ದರೆ ಉಳಿಯುತ್ತಿತ್ತೋ ಏನೋ. ಅವತ್ತು ಒಂದು ದಿನ, ನಮ್ಮ ದುರದೃಷ್ಟಕ್ಕೆ, ಕರೆಂಟು ಹೋಗಲಿಲ್ಲ.

ಕಳಸದ ಹುಡುಗನ ಕತೆ ಇನ್ನೂ ಚೆನ್ನ. ಅವನು ಕಟ್ಟಿದ್ದು ಹೊರನಾಡಿನ ದಾರಿ, ನಡುವೆ ಭದ್ರೆಗೆ ಅಡ್ಡಲಾಗಿ ಹೆಬ್ಬಾಳೆ ಸೇತುವೆ. ಈ ಎಡಿಟರಿನಲ್ಲಿ ಇಡೀ ನಕ್ಷೆಗೆ ನೀರಿನ ಮಟ್ಟ ಒಂದೇ. ಮೇಲ್ಗಡೆ ಹೊಳೆ ತುಂಬಿದಂತೆ ಕಾಣಲಿ ಎಂದು ಸ್ವಲ್ಪ ಏರಿಸಿದರೆ ಕೆಳಗೆ ಸೇತುವೆ ಮುಳುಗುತ್ತದೆ. ಹುಡುಗ ಕಂಪನಿಗೆ ದೂರು ಬರೆದ: ಸೇತುವೆ ನೀರಿನೊಳಗೆ ಹೋಗುತ್ತಿದೆ, ಬಸ್ಸು ದಾಟುತ್ತಿಲ್ಲ. ಹದಿನೆಂಟು ದಿನದ ಮೇಲೆ ಉತ್ತರ ಬಂತು: ‘ನಿಮ್ಮ ಉತ್ಸಾಹಕ್ಕೆ ಆಭಾರಿ. ಈ ತೊಂದರೆ ನಮ್ಮಲ್ಲಿ ಮರುಕಳಿಸುತ್ತಿಲ್ಲ.’ ಮರುಕಳಿಸುತ್ತಿಲ್ಲವಂತೆ! ಜುಲೈನಲ್ಲಿ ಕಳಸಕ್ಕೆ ಬನ್ನಿ ಸ್ವಾಮಿ, ಹೆಬ್ಬಾಳೆಯ ದಡದಲ್ಲಿ ನಿಲ್ಲಿಸಿ, ಭದ್ರೆ ಉಕ್ಕಿದಾಗಲೆಲ್ಲ ಮರುಕಳಿಸಿ ತೋರಿಸುತ್ತೇವೆ. ಹುಡುಗನ ಅಜ್ಜ ಕಾಗದ ಓದಿಸಿಕೊಂಡು ಕೇಳಿ, ದೂರು ಕೊಟ್ಟದ್ದೇ ತಪ್ಪು ಅಂದರು. ಅವರ ಪ್ರಕಾರ ಇಡೀ ಆಟದಲ್ಲಿ ಸರಿಯಾಗಿರುವುದು ಅದೊಂದೇ.

ಅಲ್ಲಿಗೆ ನನಗೆ ಸಂಕಟ ಶುರುವಾಯಿತು. ನಾವು ನಗುತ್ತಿದ್ದೇವೆ, ಯಾಕೆಂದರೆ ನಮಗೆ ಅಭ್ಯಾಸ. 2019ರ ಆಗಸ್ಟಿನಲ್ಲಿ ಮಳೆ ನಿಜವಾದ ಚಾರ್ಮಾಡಿಯನ್ನು ಹಲವು ಕಡೆ ಕೊರೆದು ಹಾಕಿತು. ಅದಕ್ಕೆ ಅನ್‌ಡು ಇರಲಿಲ್ಲ. ರಸ್ತೆ ಬಂದ್ ಆಯಿತು, ಆಮೇಲೆ ಸಣ್ಣ ಗಾಡಿಗೆ ಮಾತ್ರ ಬಿಟ್ಟರು, ನಾವು ಸುತ್ತಿ ಬಳಸಿ ಹೋಗುವುದನ್ನು ಕಲಿತೆವು. ಅದು ಪ್ರಕೃತಿ, ಗುಡ್ಡ ಅಗೆದ ನಮ್ಮ ಪಾಲೂ ಇದೆ, ಆ ಮಾತು ಇನ್ನೊಂದು ದಿನಕ್ಕಿರಲಿ. ಆದರೆ ಕಂಪ್ಯೂಟರಿನೊಳಗೆ ಮುಂಗಾರು ಇಲ್ಲ. ಅಲ್ಲಿ ಗುಡ್ಡ ಕುಸಿದರೆ ಯಾರೋ ಕೂಲಿ ಪಡೆದವರು ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ ಎಂದೇ ಅರ್ಥ. ಅದನ್ನೂ ಮಳೆಯಂತೆ ಸಹಿಸಿ ಎಂದು ಹದಿನೈದರ ಹುಡುಗನಿಗೆ ಹೇಳುವವರು ಆ ಬಳಗದಲ್ಲೇ ಇದ್ದಾರೆ. ‘ಎಡಿಟರ್ ಫ್ರೀ ಕೊಟ್ಟಿದ್ದಾರಲ್ಲ, ಮತ್ತೆಂತ?’ ಎನ್ನುವವರು. ಫ್ರೀ ಹೌದು. ಆಟಕ್ಕೆ ದುಡ್ಡು, ಮಂಜಿಗೆ ಬೇರೆ ದುಡ್ಡು, ಮಳೆಗೆ ಇನ್ನೂ ಬೇರೆ ದುಡ್ಡು. ಮಂಜು ಮಳೆ ಎರಡನ್ನೂ ದುಡ್ಡು ಕೊಟ್ಟು ತರಿಸಿದ ಮಲೆನಾಡಿನ ಮೊದಲ ಮನೆ ನಮ್ಮದೇ ಇರಬೇಕು.

ಅಕ್ಷರದ ಅವಸ್ಥೆ ಹೇಳಲೇಬೇಕು. ಬಸ್ಸಿಗೆ ಬೋರ್ಡು ಬೇಡವೇ? ಅಳಿಯ ‘ಚಿಕ್ಕಮಗಳೂರು’ ಎಂದು ಬರೆದ, ‘ಚಿಕ್‌ಕಮಗಳೂರು’ ಎಂದು ಬಂತು. ‘ಕೊಟ್ಟಿಗೆಹಾರ’ ‘ಕೊಟ್‌ಟಿಗೆಹಾರ’ವಾಯಿತು. ನೀರುದೋಸೆ ಹೋಟೆಲಿಗೆ ಮಾತ್ರ ಒತ್ತಕ್ಷರದ ಗೊಡವೆ ಇಲ್ಲದ್ದರಿಂದ ಬಚಾವಾಯಿತು. ಕನ್ನಡದ ಒತ್ತು ಕೆಳಗೆ ಕೂರಬೇಕು ಎನ್ನುವುದನ್ನು ಈ ಆಟಗಳ ಹೊಟ್ಟೆಯೊಳಗಿನ ಯಂತ್ರಕ್ಕೆ ಯಾರೂ ಕಲಿಸಿಲ್ಲ. ಹುಡುಗರ ಉಪಾಯ ಏನೆಂದರೆ, ಹೆಸರನ್ನು ಬೇರೆ ಕಡೆ ಬರೆದು, ಚಿತ್ರ ಮಾಡಿ, ಬೋರ್ಡಿಗೆ ಅಂಟಿಸುವುದು. ಅಂದರೆ ಅಲ್ಲಿ ಕನ್ನಡ ಭಾಷೆಯಲ್ಲ, ಭಿತ್ತಿಪತ್ರ. ಇದೇ ಮೂಡಿಗೆರೆಯ ತೋಟದಲ್ಲಿ ಕೂತು ಕಂಪ್ಯೂಟರಿಗೆ ಕನ್ನಡ ಸರಿಯಾಗಿ ಬರಲಿ ಎಂದು ಪೂರ್ಣಚಂದ್ರ ತೇಜಸ್ವಿ ವರ್ಷಗಟ್ಟಲೆ ಹಠ ಹಿಡಿದಿದ್ದರು. ಅವರು ಹೋದದ್ದು 2007ರಲ್ಲಿ. ಈ ಬೋರ್ಡನ್ನು ನೋಡಿದ್ದರೆ ಕೋವಿ ಹುಡುಕುತ್ತಿದ್ದರೇನೋ.

ಎಡಿಟರ್ ಎಂಬುದು ಕಂಪನಿಗಳ ಔದಾರ್ಯವೂ ಅಲ್ಲ. 1983ರ ‘ಲೋಡ್ ರನ್ನರ್’ ಆಟದಲ್ಲಿ ನೂರೈವತ್ತು ಹಂತಗಳ ಜೊತೆಗೆ ನೀವೇ ಹಂತ ಕಟ್ಟುವ ಸಲಕರಣೆಯೂ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ‘ಡೂಮ್’ 1993ರ ಡಿಸೆಂಬರಿನಲ್ಲಿ ಬಂತು, ಎಡಿಟರ್ ಕೊಡಲಿಲ್ಲ. ಮರುತಿಂಗಳೇ ಅಭಿಮಾನಿಗಳು ಫೈಲು ಬಿಚ್ಚಿ ತಮ್ಮದೇ ಎಡಿಟರ್ ಬರೆದುಕೊಂಡರು. ‘ವಾರ್‌ಕ್ರಾಫ್ಟ್ 3’ರ ಎಡಿಟರಿನಲ್ಲಿ ಆಟಗಾರರು 2003ರಲ್ಲಿ ಕಟ್ಟಿದ ‘ಡೋಟಾ’ ಎಂಬ ನಕ್ಷೆ ಎಷ್ಟು ದೊಡ್ಡದಾಗಿ ಬೆಳೆಯಿತೆಂದರೆ ಅದರ ಮುಂದಿನ ಅವತಾರವನ್ನು ಇನ್ನೊಂದು ಕಂಪನಿ ಹೊರತಂದಿತು. ಮೂಲ ಕಂಪನಿ ಪಾಠ ಕಲಿಯಿತು. 2020ರಲ್ಲಿ ಹಳೆಯ ಆಟವನ್ನು ಹೊಸದಾಗಿ ಬಿಟ್ಟಾಗ ಷರತ್ತು ಹಾಕಿತು: ನಮ್ಮ ಎಡಿಟರಿನಲ್ಲಿ ನೀವು ಏನೇ ಕಟ್ಟಿದರೂ ಅದು ನಮ್ಮದು.

ಈ ಷರತ್ತು ಓದಿದಾಗ ನನಗೆ ಅಪ್ಪ ನೆನಪಾದರು. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕಿತ್ತು. ಗಿಡ ನಮ್ಮದು, ಕೊರಕ ಹುಳ ನಮ್ಮದು, ಆಳಿನ ಸಂಬಳ ನಮ್ಮದು. ಮನೆ ಖರ್ಚಿಗೆಂದು ಬಿಟ್ಟಷ್ಟು ಬಿಟ್ಟರೆ ಬೀಜ ಬೋರ್ಡಿನದು. ಹಣ ಕಂತಿನಲ್ಲಿ, ಅದೂ ಪಾಯಿಂಟ್ ಲೆಕ್ಕದಲ್ಲಿ. ಪಾಯಿಂಟಿಗೆ ಎಷ್ಟು ಬಂತು ಎಂದು ಅಪ್ಪ ಪೋಸ್ಟಿನವನ ದಾರಿ ಕಾಯುತ್ತಿದ್ದರು, ಅಳಿಯ ಈಗ ತನ್ನ ನಕ್ಷೆಗೆ ಪಾಯಿಂಟ್ ಎಷ್ಟು ಬಂತು ಎಂದು ಕಾಯುವ ಹಾಗೇ. ಪೂಲು ಪೂರ್ತಿ ಹೋದದ್ದು 1996ರಲ್ಲಿ. ಒಂದು ವ್ಯತ್ಯಾಸವಿದೆ, ಬೋರ್ಡಿನ ಮರ್ಯಾದೆಗಾಗಿ ಹೇಳಬೇಕು: ಅಪ್ಪನಿಗೆ ತಡವಾಗಿಯಾದರೂ ದುಡ್ಡು ಬರುತ್ತಿತ್ತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವೂ ಹಾಗೇ. 1925ರಲ್ಲಿ ಶುರುವಾಯಿತು, ಎಸ್.795 ತಳಿ ತೋಟಕ್ಕೆ ಬರುವ ಹೊತ್ತಿಗೆ ಹತ್ತಿರ ಹತ್ತಿರ ಎರಡು ದಶಕ. ಗಿಡವನ್ನು ಎಲೆತುಕ್ಕಿನ ಎದುರು ನಿಲ್ಲಿಸಿ ನೋಡಿ ಆಮೇಲೆ ಕೊಟ್ಟರು. ಅರ್ಧ ಬೆಂದ ತಳಿ ಕೊಟ್ಟು, ತುಕ್ಕು ಬಂದರೆ ಬರೆದು ತಿಳಿಸಿ, ನಿಮ್ಮ ಉತ್ಸಾಹಕ್ಕೆ ಆಭಾರಿ ಎನ್ನಲಿಲ್ಲ.

ಇನ್ನು ಮೇಲಿನ ಬಾಬಾಬುಡನ್ ಗಿರಿಯ ಕತೆ ಎಲ್ಲರಿಗೂ ಗೊತ್ತು. ಜೀವವಿರುವ ಕಾಫಿ ಬೀಜ ಅರಬರ ನಾಡಿನಿಂದ ಹೊರಗೆ ಹೋಗಬಾರದು ಎಂದು ಕಟ್ಟಪ್ಪಣೆ ಇದ್ದ ಕಾಲದಲ್ಲಿ ಬಾಬಾಬುಡನ್ ಏಳು ಬೀಜ ತಂದು ಇಲ್ಲಿ ಊರಿದರಂತೆ. ಆ ಏಳು ಬೀಜದ ಜೊತೆ ಒಂದು ಒಪ್ಪಂದ ಪತ್ರ ಬಂದಿದ್ದರೆ, ಹಾಸನದಿಂದ ಕೊಡಗಿನವರೆಗೆ ಇವತ್ತು ಬೆಳೆಯುವುದೆಲ್ಲ ಯೆಮೆನ್‌ನ ಯಾರದೋ ಆಸ್ತಿ.

ನನ್ನ ತೀರ್ಮಾನ ಇಷ್ಟು: ಆ ಎಡಿಟರಿನ ಒಂದೊಂದು ಬಿರುಕಿಗೂ ಮದ್ದು ಕಂಡುಹಿಡಿದು ಇತರರಿಗೆ ಹೇಳಿಕೊಡುತ್ತಿರುವವರು ನಮ್ಮ ಹುಡುಗರು, ಸಂಬಳವಿಲ್ಲದೆ, ನಿದ್ದೆಗೆಟ್ಟು. ಅವರನ್ನು ಕಂಪನಿ ‘ನಮ್ಮ ಕುಟುಂಬ’ ಎನ್ನುತ್ತದೆ. ಕುಟುಂಬದವರಿಗೆ ಕೂಲಿ ಕೊಡುವ ಪದ್ಧತಿ ಇಲ್ಲ, ಅದು ನಮ್ಮ ತೋಟಗಳಲ್ಲೂ ಹಳೆಯ ಉಪಾಯ. ಹೊಸ ಮಂಜು ಬೇಡ, ಹೊಸ ಬಸ್ಸೂ ಬೇಡ, ಸೇವ್ ಒತ್ತಿದರೆ ಸೇವ್ ಆಗುವಂತೆ ಮಾಡಿ, ಹುಡುಗರು ಕೇಳಿದ್ದು ಇದೊಂದನ್ನೇ. ಹೋದ ವಾರ ಕಂಪನಿಯಿಂದ ಹೊಸ ಆವೃತ್ತಿ ಬಂತು. ಮಂಜು ಇನ್ನಷ್ಟು ದಟ್ಟವಾಗಿದೆ.

ಅಳಿಯ ಮತ್ತೆ ಮೊದಲಿನಿಂದ ಕಟ್ಟುತ್ತಿದ್ದಾನೆ. ದಿನಕ್ಕೊಂದು ಪ್ರತಿ ಪೆನ್‌ಡ್ರೈವಿಗೆ ಇಳಿಸಿ ಅಕ್ಕಿ ಡಬ್ಬಿಯಲ್ಲಿ ಇಡುತ್ತಾನೆ. ನಿನ್ನೆಗೆ ಮೂರು ತಿರುವು ಮುಗಿದಿದೆ.

ಆದಕಾರಣ ಸಾರ್ವಜನಿಕರ ಗಮನಕ್ಕೆ: ನಮ್ಮ ಜಗಲಿಯ ಚಾರ್ಮಾಡಿಯಲ್ಲಿ ನಾಲ್ಕನೇ ತಿರುವಿನಿಂದ ಕೆಳಗೆ ಮುಂದಿನ ಆದೇಶದವರೆಗೆ ಸಂಚಾರ ನಿಷೇಧಿಸಲಾಗಿದೆ. ಬದಲಿ ಮಾರ್ಗವಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ವಾಪಸ್ಸು ಹೋಗಿ.