ಮೋಟು ಕೋವಿಯ ದೊಡ್ಡ ಬಾಯಿ

ಕೋವಿಯ ಬಾಯಿ ಅಳೆಯುವ ಲೆಕ್ಕವೇ ತಲೆಕೆಳಗು. ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಮಾಡಿ, ಅದರಲ್ಲೊಂದು ಸರಿಯಾಗಿ ಹಿಡಿಸಿದರೆ ಆ ನಳಿಗೆ 12 ಬೋರು. ನಾಲ್ಕೇ ಗುಂಡು ಮಾಡಿದರೆ 4 ಬೋರು. ಅಂಕಿ ಇಳಿದಷ್ಟೂ ಬಾಯಿ ದೊಡ್ಡದು. (ಮಾರ್ಕ್ಸಿನ ವಿಷಯದಲ್ಲೂ ಈ ನಿಯಮ ಪಾಲಿಸುವ ಹುಡುಗರನ್ನು ನಾನು ಬಲ್ಲೆ.)

ಅಮೆರಿಕದ ಕೋವಿಪ್ರಿಯರಿಗೆ ಬಾಯಿ ದೊಡ್ಡದಿದ್ದರೆ ಸಾಲದು, ಕತ್ತೂ ಮೋಟಾಗಿರಬೇಕು. ಅಲ್ಲಿ ಸೆರ್ಬು ಸೂಪರ್ ಶಾರ್ಟಿ ಎಂಬುದೊಂದಿದೆ. ಬೋರು 12, ನಳಿಗೆ ಆರೂವರೆ ಇಂಚು. ನಮ್ಮ ಮನೆಯ ಲಟ್ಟಣಿಗೆ ಇದಕ್ಕಿಂತ ಉದ್ದ. ಹೆಗಲಿಗೆ ಆನಿಸಲು ಹಿಂಬದಿಯ ಮರವಿಲ್ಲ. ತೋಟೆ ಅದೇ, ಮದ್ದು ಅದೇ, ಕೋವಿಯ ತೂಕ ಮಾತ್ರ ಕಡಿಮೆ. ಹಾಗಾಗಿ ಈಡು ಮುಂದೆ ಹೋದ ಕ್ಷಣದಲ್ಲೇ ಕೋವಿ ಹಿಂದೆ ಬರುತ್ತದೆ. ತಡೆಯಬೇಕಾದದ್ದು ಮಣಿಕಟ್ಟು.

ಆದರೂ ಯಾಕೆ ಬೇಕು? 'ಗುರಿ ಇಡುವ ತಾಪತ್ರಯವಿಲ್ಲ, ಆ ಕಡೆ ತಿರುಗಿಸಿದರೆ ಚರೆ ಕೋಣೆ ತುಂಬ ಹರಡುತ್ತದೆ' ಅನ್ನುತ್ತಾರೆ. ಸಿನಿಮಾದಲ್ಲಿ ಹರಡುತ್ತದೆ, ನಿಜ. ನಡುಮನೆಯ ಅಂತರದಲ್ಲಿ ಅದು ಹರಡುವುದು ಹೆಚ್ಚೆಂದರೆ ಅಂಗೈಯಗಲ. ಅಂದಮೇಲೆ ಗುರಿ ಬೇಕು, ಗುರಿಗೆ ಹೆಗಲು ಬೇಕು, ಹೆಗಲಿಗೆ ಆ ಮರ ಬೇಕು. ಅದನ್ನು ಕಿತ್ತುಹಾಕಿದ್ದರಿಂದಲೇ ಅಲ್ಲವೆ ಕೋವಿಗೆ ಇಷ್ಟು ಚಂದ ಬಂದದ್ದು!

ಈ ಉಪಯೋಗದ ಪ್ರಶ್ನೆ 1939ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಮೋಟು ಕೋವಿಯಿಂದ ನಾಗರಿಕ ಸೇನೆಗೆ ಪ್ರಯೋಜನವಿದೆ ಎಂಬುದಕ್ಕೆ ತನ್ನ ಮುಂದೆ ಸಾಕ್ಷ್ಯವಿಲ್ಲ ಎಂದಿತು ಕೋರ್ಟು. ಸಾಕ್ಷ್ಯ ಎಲ್ಲಿಂದ ಬರಬೇಕು, ಆರೋಪಿ ಮಿಲ್ಲರ್ ಪರವಾಗಿ ವಾದಿಸಲು ವಕೀಲರೇ ಬಂದಿರಲಿಲ್ಲ.

ರಷ್ಯಾದವರು ಮುಜುಗರವಿಲ್ಲದ ಜನ. ವಿಮಾನ ಹೊಡೆಯುವ ಫಿರಂಗಿಗೆಂದು ಮಾಡಿ, ತಪಾಸಣೆಯಲ್ಲಿ ಫೇಲಾದ 23 ಮಿಲಿಮೀಟರ್ ನಳಿಗೆಗಳನ್ನು ಕತ್ತರಿಸಿ, ಜೈಲಿನ ಗಲಭೆ ಅಡಗಿಸಲು ಕೆಎಸ್-23 ಎಂಬ ಕೋವಿ ಮಾಡಿದರು. ಕಡತದಲ್ಲಿ ಅದು ಬರೀ 'ಕಾರ್ಬೈನ್'. ಇನ್ನೂ ಮೋಟಾದ ಮಾದರಿಗೆ ಇಟ್ಟ ಹೆಸರು ದ್ರೋಜ್ದ್, ಹಾಡುವ ಹಕ್ಕಿಯೊಂದರದು. ಅದರ ಅಶ್ರುವಾಯು ತೋಟೆಗೆ ಸಿರೇನ್, ಅದೊಂದು ಹೂವು. ಹಕ್ಕಿ ಬಾಯಿ ತೆರೆದರೆ ಹೂವು ಬೀಳುತ್ತದೆ, ಕೈದಿ ಅಳುತ್ತಾನೆ.

ಅಮೆರಿಕದವರದು ಗಣಿತ. 1934ರ ಕಾಯ್ದೆ ಪ್ರಕಾರ ಶಾಟ್‌ಗನ್ನಿನ ನಳಿಗೆ 18 ಇಂಚಿಗಿಂತ ಮೋಟಾದರೆ ನೋಂದಣಿ, ಜೊತೆಗೆ 200 ಡಾಲರ್ ತೆರಿಗೆ. ಆದರೆ ಶಾಟ್‌ಗನ್ ಅಂದರೆ ಹೆಗಲಿನಿಂದ ಹೊಡೆಯುವಂಥದ್ದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಹುಟ್ಟಿದಾಗಿನಿಂದ ಹೆಗಲನ್ನೇ ಕಾಣದ ಕೋವಿ ಶಾಟ್‌ಗನ್ ಹೇಗಾದೀತು? ಸೂಪರ್ ಶಾರ್ಟಿ ಹೀಗೆ 'ಇನ್ಯಾವುದೋ ಆಯುಧ' ಎಂಬ ಜಾತಿಗೆ ಸೇರಿತು. ಕೈಬದಲಾದರೆ ತೆರಿಗೆ 2025ರ ತನಕ ಐದೇ ಡಾಲರ್ ಇತ್ತು. 2017ರಲ್ಲಿ ಮಾಸ್‌ಬರ್ಗ್ ಕಂಪನಿ ಶಾಕ್‌ವೇವ್ ತಂದಿತು: ನಳಿಗೆ 14 ಇಂಚು ಚಿಲ್ಲರೆ, ಒಟ್ಟು ಉದ್ದ 26.37. ಕಾಯ್ದೆಯ ಹಿಡಿತದಿಂದ ಪಾರಾಗುವ ಗೆರೆ ಇದ್ದದ್ದು 26ಕ್ಕೆ. ಹಕ್ಕಿತಲೆಯ ಹಾಗೆ ಬಾಗಿದ ಹಿಡಿಯನ್ನು ಇನ್ನೊಂದಿಷ್ಟು ನೀಟಿ, ಆ ಅರ್ಧ ಇಂಚಿಗೂ ಕಡಿಮೆ ಜಾಗದಲ್ಲಿ ಇಡೀ ಕಾಯ್ದೆಯನ್ನು ಮಡಚಿಟ್ಟರು.

2026ರ ಜನವರಿಯಿಂದ ಆ 200 ಡಾಲರ್ ತೆರಿಗೆಯೂ ಮೋಟು ಕೋವಿಗೆ ಸೊನ್ನೆಯಾಗಿದೆ. ನೋಂದಣಿ ಉಳಿದಿದೆ, ಬೆರಳಚ್ಚು, ಫೋಟೊ ಕೊಡಬೇಕು. ಫೋಟೊ ತೆಗೆಸಿಕೊಳ್ಳಲು ಈ ಕೋವಿಯವರಿಗೆ ಯಾವತ್ತು ತಾನೇ ಬೇಸರವಿತ್ತು?