ಉಳಿದವರು ಚಪ್ಪಾಳೆ ತಟ್ಟಿ

ಆಗಸ್ಟ್ ಬಂತು. ಕ್ರೀಡಾಕೂಟದ ಸುತ್ತೋಲೆಯೂ ಬಂತು. ವರ್ಷವಿಡೀ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದ ವಾಲಿಬಾಲ್‌ಗೆ ಈಗ ಗಾಳಿ ಹಾಕಬೇಕು.

ಬೆಳಗಾವಿಯ ಅನಗೋಳದ ಕಡೆಯ ಶಾಲೆಯೊಂದರ ಅಂಗಳ ನೋಡಿ. ಮಳೆ ಬಿಟ್ಟಿಲ್ಲ, ಕಾಲಿಟ್ಟಲ್ಲಿ ಕೆಸರು. ಆರು, ಏಳನೇ ತರಗತಿಯ ಹುಡುಗರು ಸಾಲಾಗಿ ನಿಂತಿದ್ದಾರೆ. ಮಾಸ್ತರರು ಭುಜ ಹಿಡಿದು ನೋಡುತ್ತಾರೆ, ಎತ್ತರ ನೋಡುತ್ತಾರೆ. "ನೀ ಬಾ. ನೀ ಬಾ. ಏ ಸಣ್ಣಾವ, ನೀ ಹಿಂದ್ ಸರಿ." ಕಬಡ್ಡಿ ತಂಡ ತಯಾರು. ದನದ ಸಂತೆಯಲ್ಲಾದರೂ ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ.

ಆಡಲು 7, ಕಾಯಲು 5. ಉಳಿದವರಿಗೂ ಕೆಲಸವಿದೆ. ಸುಣ್ಣದ ಗೆರೆ ಎಳೆಯಬೇಕು, ಕುರ್ಚಿ ಹೊರಬೇಕು, ಅತಿಥಿಗಳು ಬಂದರೆ ಚಪ್ಪಾಳೆ ತಟ್ಟಬೇಕು. ಅತಿಥಿಗಳೂ ಮರೆಯದೆ ಹೇಳುತ್ತಾರೆ: "ಸೋಲು ಗೆಲುವು ಮುಖ್ಯವಲ್ಲ ಮಕ್ಕಳೇ, ಭಾಗವಹಿಸುವುದು ಮುಖ್ಯ." ಕುರ್ಚಿ ಹೊತ್ತುತಂದ ಹುಡುಗನ ಎದುರಿಗೇ, ಅದೇ ಕುರ್ಚಿಯಿಂದ ಎದ್ದು.

ಪ್ರತಿಭಾ ಕಾರಂಜಿಯದೂ ಇದೇ ಹಾಡು. ಐದನೆಯಿಂದ ಏಳನೆಯವರೆಗೂ ಅದೇ ನಾಲ್ಕು ಪ್ರತಿಭೆಗಳು.

ಕನ್ನಡ ಶಾಲೆಯೋ ಮರಾಠಿ ಶಾಲೆಯೋ ಎಂದು ಊರು ಹೊಡೆದಾಡುತ್ತದೆ. ಈ ವಿಷಯದಲ್ಲಿ ಮಾತ್ರ ಎರಡೂ ಮಾಧ್ಯಮ ಅಣ್ಣತಮ್ಮಂದಿರು.

ಆಯ್ಕೆಯೇ ಬೇಡ ಎನ್ನುವಷ್ಟು ದಡ್ಡ ನಾನಲ್ಲ. ತಾಲ್ಲೂಕು ಮಟ್ಟಕ್ಕೆ ಇಡೀ ಶಾಲೆಯನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗಲಾಗದು. ಆದರೆ ಆಡಿಸದೆಯೇ ಆರಿಸುವುದು ಯಾವ ಸೀಮೆಯ ನ್ಯಾಯ? ಗಣಿತ ಕಲಿಸದೆ ಗಣಿತದಲ್ಲಿ ನಪಾಸು ಮಾಡಿದರೆ ಪಾಲಕರು ಶಾಲೆಗೆ ನುಗ್ಗುತ್ತಾರೆ. ಆಟದಲ್ಲಿ ಮಾಡಿದರೆ ತುಟಿ ಬಿಚ್ಚುವುದಿಲ್ಲ. ಆಟದ ಪಿರಿಯಡ್ಡನ್ನೂ ಗಣಿತಕ್ಕೇ ಕೊಡಿ ಎಂದು ಗಂಟುಬಿದ್ದವರು ಇವರೇ ಅಲ್ಲವೇ!

ಕಾನೂನಿಗೇನೂ ಬರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ, ಸೇರಿಸಿಕೊಳ್ಳುವಾಗ ಮಗುವನ್ನು ಪರೀಕ್ಷೆ ಇಟ್ಟು ಸೋಸಬೇಡಿ ಎನ್ನುತ್ತದೆ. ಆಟದ ಮೈದಾನ ಇರಲಿ, ಪ್ರತಿ ತರಗತಿಗೂ ಆಟದ ಸಾಮಾನು ಇರಲಿ ಎನ್ನುತ್ತದೆ. 6ರಿಂದ 8ನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ 100 ದಾಟಿದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕು ಎನ್ನುತ್ತದೆ. ಖಾನಾಪುರದ ಕಾಡಂಚಿನ ಎಷ್ಟೋ ಊರುಗಳ ಶಾಲೆಗಳಲ್ಲಿ ಒಟ್ಟು ಮಕ್ಕಳೇ ಅಷ್ಟಿಲ್ಲ. ಅವರಿಗೆ ಕೈಕಾಲು ಆಡಿಸುವ ಹಂಬಲವೂ ಇಲ್ಲ ಎಂದು ದಿಲ್ಲಿಗೆ ಯಾರು ಹೇಳಿದರೋ.

ಬೆಳಗಾವಿ ಪಕ್ಕದ ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಕುಸ್ತಿಯ ಕಂಚು ಗೆದ್ದರು. ಆಗ ಎಲ್ಲರಿಗೂ ಆಕೆ "ನಮ್ಮ ಹುಡುಗಿ". ಗೆದ್ದದ್ದು 52 ಕೆ.ಜಿ. ವಿಭಾಗದಲ್ಲಿ. ಹಗುರ ಮೈಯವರಿಗೂ ಆಟವಿದೆ ಎಂದು ಏಷ್ಯಾಕ್ಕೆ ಗೊತ್ತು. ನಮ್ಮ ಅಂಗಳದಲ್ಲಿ ಮಾತ್ರ, "ಹಿಂದ್ ಸರಿ."

ಪಾಲಕರೇ, ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಚಹಾ ಕುಡಿದು ಸಹಿ ಹಾಕುವ ಮೊದಲು ವೇಳಾಪಟ್ಟಿ ತರಿಸಿ. ಆಟದ ಪಿರಿಯಡ್ ಯಾವ ದಿನ, ಕಳೆದ ವಾರ ಅದನ್ನು ಯಾರು ತೆಗೆದುಕೊಂಡರು, ಎಷ್ಟು ಮಕ್ಕಳು ಆಡಿದರು ಎಂದು ಕೇಳಿ. ಉತ್ತರ ಬರುವವರೆಗೆ ಪೆನ್ನು ಜೇಬಿನಲ್ಲೇ ಇರಲಿ.